ಹೊತ್ತಲ್ಲದ ಹೊತ್ತಿನ ಗಂಟೆ

ಹೊಳೆದಂಡೆಯಲ್ಲಿ ಒಂದು ಗುರುಮನೆ ಇತ್ತಂತೆ. ರಾಜ ಕಟ್ಟಿಸಿದ್ದಲ್ಲ, ಸಾಹುಕಾರ ನಡೆಸಿದ್ದೂ ಅಲ್ಲ. ಅಂಬಿಗರ ಮನೆಯಿಂದ, ನೇಕಾರರ ಮನೆಯಿಂದ, ಗೌಡರ ಮನೆಯಿಂದ ಒಂದೊಂದು ಹಿಡಿ ಹಿಟ್ಟು ಬಂದು ಒಂದೇ ಮಡಕೆಗೆ ಬೀಳುತ್ತಿತ್ತು. ಅದೇ ಅಲ್ಲಿಯ ಊಟ.

ಅಮಾವಾಸ್ಯೆಗೆ ಪಾಠವಿಲ್ಲ. ಅವತ್ತು ಹೊಳೆಯ ಒಗೆಯುವ ಕಲ್ಲಿನ ಮೇಲೆ ಯಾರು ಬೇಕಾದರೂ ನಿಂತು ಏನು ಬೇಕಾದರೂ ಹೇಳಬಹುದು. ನಿಂತವರನ್ನು ಇಳಿಸುವ ಹಾಗಿಲ್ಲ. ಬಟ್ಟೆಯ ಕೊಳೆ ಹೋಗುವ ಕಡೆಯೇ ಮನಸ್ಸಿನದ್ದೂ ಹೋಗಲಿ ಅಂತ ಹಿಂದಿನವರು ಮಾಡಿಟ್ಟ ಪದ್ಧತಿ.

ಬಸವಂತ ಅಲ್ಲಿಯ ಹಿರಿಯ ಶಿಷ್ಯ. ಗುರುಗಳೆಂದರೆ ಅವನಿಗೆ ಪ್ರಾಣ. ಪಾಠದ ನಡುವೆ ಅವರು ತಡವರಿಸಿದರೆ ಮೆಲ್ಲಗೆ ಮುಂದಿನ ಮಾತು ಎತ್ತಿಕೊಡುವವನು ಅವನೇ.

ಒಂದು ಅಮಾವಾಸ್ಯೆಯ ಸಂಜೆ ನೇಕಾರರ ಮಗಳು ಚೆನ್ನಿ ಕಲ್ಲು ಹತ್ತಿದಳು.

"ಗುರುಗಳಿಗೆ ಮರೆವು ಹತ್ತಿದೆ. ಹೇಳಿದ್ದನ್ನೇ ಹೇಳುತ್ತಾರೆ. ನಾವು ಹೂಂ ಹೂಂ ಅಂತ ತಲೆಯಾಡಿಸುತ್ತೇವೆ. ನಾನು ಹೇಳುವುದೇನೆಂದರೆ..."

ಗುರುಗಳು ಅಲ್ಲೇ, ಹೊಂಗೆಯ ನೆರಳಲ್ಲಿ ಕೂತಿದ್ದರು. ಬಸವಂತ ಓಡಿಹೋಗಿ ಊಟದ ಗಂಟೆ ಹಿಡಿದು ಢಣಢಣ ಬಾರಿಸಿಬಿಟ್ಟ.

ಗಂಟೆ ಕೇಳಿದರೆ ಹಸಿದ ಹೊಟ್ಟೆ ನಿಲ್ಲುತ್ತದೆಯೇ? ಎಲ್ಲರೂ ಎದ್ದು ಅಡುಗೆಮನೆ ಕಡೆ ಹೋದರು. ಚೆನ್ನಿ ಉಳಿದ ಮಾತು ನುಂಗಿಕೊಂಡು ಕಲ್ಲಿಳಿದಳು.

ಬಸವಂತ ಗುರುಗಳ ಹತ್ತಿರ ಬಂದ. "ಆ ಹುಡುಗಿಯನ್ನು ಮನೆಗೆ ಕಳಿಸಿಬಿಡಿ, ಗುರುಗಳೇ. ಇನ್ನು ಮುಂದೆ ಕಲ್ಲು ಹತ್ತುವವರು ಏನು ಹೇಳುತ್ತೇವೆ ಅಂತ ಮೊದಲು ನನಗೆ ಒಪ್ಪಿಸಲಿ."

ಗುರುಗಳು ಎದ್ದು ಬಂದು, ಮುತ್ತುಗದೆಲೆ ಹಾಸಿಕೊಂಡು, ಸಾಲಿನಲ್ಲಿ ಕೂತರು.

"ಗುರುಗಳೇ, ಅಡುಗೆ ಆಗಿಲ್ಲ."

"ಗಂಟೆ ಆಯಿತಲ್ಲ?"

"ಒಲೆಯನ್ನೇ ಹಚ್ಚಿಲ್ಲ."

"ನನಗೆ ಮರೆವು. ಅಡುಗೆಯಾದರೆ ಗಂಟೆಯೋ, ಗಂಟೆಯಾದರೆ ಅಡುಗೆಯೋ, ನೀನೇ ಹೇಳು."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಸವಂತ ತಲೆ ತಗ್ಗಿಸಿದ. "ಊಟಕ್ಕೆ ಹೊಡೆದದ್ದಲ್ಲ. ಆ ಮಾತು ನಿಮ್ಮ ಕಿವಿಗೆ ಬೀಳಬಾರದು ಅಂತ ಹೊಡೆದೆ."

"ಹಾಗೋ." ಗುರುಗಳು ಮಡಕೆಯ ಕಡೆ ಕೈ ತೋರಿಸಿದರು. "ಅವಳನ್ನು ಕಳಿಸಬೇಕು ಅಂದೆಯಲ್ಲ, ಕಳಿಸೋಣ. ಅವಳ ಮನೆಯ ಹಿಟ್ಟನ್ನೂ ಕಟ್ಟಿಕೊಡು. ಬೇರೆಯವರದು ಚಿಟಿಕೆಯೂ ಸೇರಬಾರದು."

ಬಸವಂತ ಮಡಕೆಗೆ ಕೈ ಹಾಕಿದ. ರಾಗಿ, ಜೋಳ, ನವಣೆ, ಎಲ್ಲ ಕಲೆತು ಒಂದೇ ಬಣ್ಣ. ಬೊಗಸೆ ತುಂಬಿಕೊಂಡು ನೋಡಿದ, ಬೆರಳಲ್ಲಿ ತಿಕ್ಕಿ ನೋಡಿದ. ಆಮೇಲೆ ಮೆಲ್ಲಗೆ ಮಡಕೆಗೇ ಸುರಿದ.

"ಆಗುವುದಿಲ್ಲ, ಗುರುಗಳೇ."

"ಹಾಗಾದರೆ ಒಲೆ ಹಚ್ಚು. ಗಂಟೆ ಹೊಡೆದವನದೇ ಇವತ್ತಿನ ಅಡುಗೆ. ಬಾ ಚೆನ್ನಿ, ಬೇಯುವಷ್ಟರಲ್ಲಿ ನಿನ್ನ ಮಾತು ಮುಗಿಸು."

ಚೆನ್ನಿ ಮತ್ತೆ ಕಲ್ಲು ಹತ್ತಿದಳು.

"ಗುರುಗಳು ಪೀಠದಿಂದ ಇಳಿಯಬೇಕು. ಪಾಠ ಬೇರೆಯವರು ಹೇಳಲಿ. ಇಷ್ಟೇ."

ಒಲೆಯ ಮುಂದೆ ಬಸವಂತನ ಕಣ್ಣು ಕೆಂಪಾಗಿತ್ತು. ಹೊಗೆಯೋ, ಸಿಟ್ಟೋ, ಅವನಿಗೇ ಗೊತ್ತು.

"ನೋವಾಗಲಿಲ್ಲವೇ ನಿಮಗೆ?" ಅಂತ ಗುರುಗಳನ್ನು ಕೇಳಿದ.

"ಆಯಿತು ಮಗಾ."

"ಮತ್ತೆ ಯಾಕೆ ಹೇಳಿಸಿದಿರಿ?"

"ನನ್ನ ಮರೆವು ಊರಿಗೆಲ್ಲ ಗೊತ್ತಿತ್ತು. ನನ್ನೊಬ್ಬನಿಂದ ಮುಚ್ಚಿಟ್ಟಿದ್ದಿರಿ." ಗುರುಗಳು ಅವನ ಕೈಯಿಂದ ಮುದ್ದೆಕೋಲು ತೆಗೆದುಕೊಂಡರು. "ನಿನಗೂ ಬಾಯಿದೆ. ಹೋಗು, ಹತ್ತು. ಇದನ್ನು ನಾನು ತಿರುವುತ್ತೇನೆ."

ಬಸವಂತ ಹಿಟ್ಟಿನ ಕೈಯಲ್ಲೇ ಹೋದ. ಚೆನ್ನಿ ಸರಿದು ಜಾಗ ಬಿಟ್ಟಳು. ಚೆನ್ನಿ ಹೇಳಿದ್ದು ಸುಳ್ಳು ಅನ್ನಬೇಕು ಅಂತ ಹತ್ತಿದವನಿಗೆ ಆ ಮಾತು ಬಾಯಿಗೆ ಬರಲಿಲ್ಲ.

"ಮರೆವು ನಿಜ," ಅಂದ. "ಮೊನ್ನೆ ನನ್ನ ಹೆಸರನ್ನೂ ಮರೆತರು. ಯಾರಪ್ಪಾ ನೀನು ಅಂದರು. ಅಂದವರೇ, ಊಟ ಮಾಡಿದೆಯಾ ಅಂತ ಕೇಳಿದರು. ಹೆಸರು ಮರೆತವರು ಹಸಿವು ಕೇಳುವುದನ್ನು ಮರೆಯಲಿಲ್ಲ. ಆ ಪಾಠ ನನಗಿನ್ನೂ ಬಂದಿಲ್ಲ. ಅದು ಬರುವ ತನಕ ಅವರು ಪೀಠದಲ್ಲಿ ಇರಲಿ."

ದಂಡೆಯ ಮೇಲೆ ನಿಂತಿದ್ದ ಚೆನ್ನಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇದು ನನಗೆ ಗೊತ್ತಿರಲಿಲ್ಲ, ಅಣ್ಣಾ. ಆದರೂ ನನ್ನ ಮಾತು ನನ್ನದೇ."

"ಇರಲಿ. ನನ್ನದು ನನ್ನದು."

"ಆವಾಗಲೇ ಹೀಗೆ ಬಂದು ಹೇಳಬಾರದಿತ್ತಾ? ಗಂಟೆಗೆ ಏನಂತ ಎದುರು ಹೇಳಲಿ ನಾನು?"

ಬಸವಂತನಿಗೆ ನಗು ಬಂತು.

ಗುರುಗಳು ಕೋಲಿಗೆ ಅಂಟಿದ ಹಿಟ್ಟನ್ನು ಒದ್ದೆ ಬೆರಳಿಂದ ಬಿಡಿಸಿ, ಇಬ್ಬರ ಕಡೆಗೂ ನೋಡಿದರು.

"ಪೀಠದ ವಿಚಾರ ಬರುವ ಅಮಾವಾಸ್ಯೆಗೂ ಇರುತ್ತದೆ, ನಾನು ಮರೆತರೆ ನೀವು ನೆನಪಿಸಿ. ಈಗ ಹೊಡಿ ಮಗಾ ಗಂಟೆ, ಮುದ್ದೆ ಬೆಂದಿದೆ."