ಹಸಿಮಣ್ಣಿನ ದಿಬ್ಬ

ಕೆರೆಯ ಏರಿ ಮುಗಿಯುವಲ್ಲಿ, ಜಾಲಿ ಮರಗಳ ನಡುವೆ, ಆ ದಿಬ್ಬ ಇಂದಿಗೂ ಎಮ್ಮೆ ಮಲಗಿದಂತೆ ಮಲಗಿದೆ. ಅದು ಅಮರೇಗೌಡನ ಸಮಾಧಿ. ಮೂಡಲೂರಿನವರು ಅಲ್ಲಿ ಕಾಯಿ ಒಡೆಯುತ್ತಾರೆ. ಪಡುವಲೂರಿನವರು ಚಪ್ಪಲಿ ಬಿಡದೆ ದಾಟಿಹೋಗುತ್ತಾರೆ. ಆದರೆ ಇಬ್ಬರ ಬಾಯಲ್ಲೂ ಗೌಡನ ಹೆಸರಿಲ್ಲ. ಹಸಿಮಣ್ಣಿನ ದಿಬ್ಬ ಎಂದೇ ಕರೆಯುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಗೆ ಅಮರೇಗೌಡನೇ ದೊರೆ, ಅವನೇ ನ್ಯಾಯ. ಕೆರೆ ಕಟ್ಟಿಸಿದ್ದು ಅವನು, ಸುಳ್ಳಲ್ಲ. ಮಣ್ಣು ಹೊತ್ತದ್ದು ಎರಡೂ ಊರಿನವರು, ಅದೂ ಸುಳ್ಳಲ್ಲ. ಕೆರೆ ತುಂಬಿದ ಮೇಲೆ ಪಡುವಲೂರಿನವರು ಕೈಮುಗಿಯದೆ ಪಾಲು ಕೇಳಿದರೆಂದು ಅವರ ತೂಬಿಗೆ ಹಲಗೆ ಇಳಿಸಿ ನೀರು ನಿಲ್ಲಿಸಿದ. 'ನಿಮ್ಮ ನೀರು ಕದಿಯಲು ಬರುತ್ತಾರೆ' ಎಂದು ಮೂಡಲೂರಿನವರ ಕೈಗೆ ಬಡಿಗೆ ಕೊಟ್ಟ. ಹಲಗೆ ಎತ್ತಲು ಹೋದ ಯಂಕೋಬನನ್ನು ಅಲ್ಲೇ ಹೊಡೆಸಿ ಕೊಂದ. ಯಂಕೋಬ ಪಡುವಲೂರಿನ ತಿಪ್ಪವ್ವನ ಒಬ್ಬನೇ ಮಗ.

ಒಂದು ಬೇಸಿಗೆ ಗೌಡ ಸತ್ತ. ಗೌಡ ಸತ್ತರೆ ಎರಡೂ ಊರಿನ ಪ್ರತಿ ಮನೆಯವರೂ ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು, ಗುದ್ದಲಿ ಸೋಕಿಸದೆ ಬರಿಗೈಯಲ್ಲೇ ಎತ್ತಿ ತಂದು ಸಮಾಧಿಯ ಕುಣಿಗೆ ಹಾಕಬೇಕೆಂಬುದು ಸೀಮೆಯ ಕಟ್ಟಳೆ. ಒಂದು ಮನೆಯ ಹಿಡಿ ತಪ್ಪಿದರೂ ಕುಣಿ ಮುಚ್ಚುವಂತಿಲ್ಲ. ಪಡುವಲೂರಿನವರು ಹೆದರಿ ದಾರಿಯ ಧೂಳು ಬಾಚಿ ತಂದು ಹೊಲದ ಮಣ್ಣೆಂದು ಹಾಕಿದರು. ತಿಪ್ಪವ್ವ ಮಾತ್ರ ತನ್ನ ಹೊಲ ಬಿಟ್ಟು ಏಳಲಿಲ್ಲ. ಅಂದು ಗಾಳಿ ನಿಂತಿತ್ತಂತೆ. ಲೋಬಾನದ ಹೊಗೆ ಕರಗದೆ ಜಾಲಿಯ ಮೇಲೆ ತೂಗುತ್ತಿತ್ತು. ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿದ್ದ ಗೌಡ ಕಣ್ಣು ಅರೆಮುಚ್ಚಿ ಯಾರನ್ನೋ ಕಾಯುವವನಂತೆ ಕಂಡ.

ಮೂಡಲೂರಿನ ಹಿರಿಯ ಪಂಪಣ್ಣ ಹೊಲಕ್ಕೇ ಬಂದ. "ಯವ್ವಾ, ಸತ್ತವನ ಮ್ಯಾಲ ಇನ್ನೆಂಥಾ ಸಿಟ್ಟು?"

"ಅವ ಸತ್ತಾನಂತ ನಾ ಮರೀಬೇಕೇನೋ ಪಂಪಣ್ಣ? ನನ್ನ ಮಗನ ಮಣ್ಣಿಗೆ ನಿಮ್ಮೂರಾಗ ಒಬ್ಬನರ ಬಂದಿದ್ನೇನು?" ಆಕೆ ನೆಲ ಕೆರೆದು ತೋರಿಸಿದಳು. "ನೋಡು, ಕಲ್ಲಾಗೇತಿ. ನೀನ ಎತ್ತು ನೋಡೂಣು, ಬೆಣ್ಣಿ ಉಂಡ ಕೈ ನಿಂದು."

ಪಂಪಣ್ಣ ಕೆರೆದ. ಉಗುರು ಸೀಳಿತು, ಮಣ್ಣು ಬರಲಿಲ್ಲ.

"ನೀರು ಬಿಡ್ರಿ. ನೆಲ ಮೆತ್ತಗಾದ್ರ ಹಿಡಿ ತರ್ತೀನಿ. ಇಲ್ಲಂದ್ರ ನಿಮ್ಮ ಗೌಡ ಹಂಗ ಕುಂತಿರ್ಲಿ."

ಮೂಡಲೂರಿನವರು ಹಲ್ಲು ಕಡಿದರು. ಆದರೆ ಗೌಡನನ್ನು ಹದ್ದುಗಳಿಗೆ ಬಿಡಲು ಮನಸ್ಸಾಗಲಿಲ್ಲ. ಅವನಿಗಾಗಿ ಎದೆ ಬಡಿದುಕೊಂಡು ಅತ್ತವರೇ ಅವನು ಇಳಿಸಿದ ಹಲಗೆಯನ್ನು ಎತ್ತಿದರು. ನೀರು ನಿದ್ದೆಗಣ್ಣಿನಲ್ಲಿ ಎದ್ದುಬಂದಂತೆ ತಡವರಿಸುತ್ತ ಬಂತು. ಬಿರುಕುಗಳು ಗುಟುಕು ಗುಟುಕಾಗಿ ಕುಡಿದವು. ಎಲ್ಲಿಂದಲೋ ಬೆಳ್ಳಕ್ಕಿಗಳು ಇಳಿದವು. ನೀರಿನ ಸದ್ದಿನಲ್ಲಿ ತಿಪ್ಪವ್ವನಿಗೆ ಮಗ ಕೆಸರು ತುಳಿದು ಮನೆಗೆ ಬರುವ ಹೆಜ್ಜೆ ಕೇಳಿಸಿತು. ತಿರುಗಿ ನೋಡಿದಳು. ಬರೀ ನೀರು.

ಹಸಿಮಣ್ಣು ಹಿಡಿದು ಕುಣಿಯ ಅಂಚಿಗೆ ಬಂದಳು. "ಕೆರಿ ಕಟ್ಟಿಸಿದಿ. ನನ್ನ ಮಗನ್ನ ಕೊಂದಿ. ನಾ ಇರೂತನಕ ಎರಡೂ ಹೇಳ್ತೀನಿ," ಎಂದು ಮಣ್ಣು ಹಾಕಿದಳು. ಅಳಲಿಲ್ಲ. ಕ್ಷಮಿಸಲೂ ಇಲ್ಲ, ಯಾಕೆ ಕ್ಷಮಿಸಬೇಕು? ಕುಣಿ ಮುಚ್ಚುವ ಮೊದಲು ಪಂಪಣ್ಣ ತೂಬಿನ ಹಲಗೆಯನ್ನು ಹೊತ್ತು ತಂದು ಗೌಡನ ಮಗ್ಗುಲಲ್ಲಿ ಇಳಿಸಿದ. "ಇದೂ ಅವನದ," ಎಂದನಂತೆ. ಯಾರೂ ತಡೆಯಲಿಲ್ಲ.

ಇಂದು ಹೋದವರು ಪಡುವಣ ತೂಬಿನ ಎರಡು ಕಲ್ಲುಕಂಬಗಳಲ್ಲಿ ಹಿಂದೆ ಹಲಗೆ ಕೂರುತ್ತಿದ್ದ ಕಚ್ಚನ್ನು ಬೆರಳಾಡಿಸಿ ನೋಡುತ್ತಾರೆ. ಅದರ ತುಂಬ ಪಾಚಿ ಬೆಳೆದಿದೆ. ನಡುವೆ ನೀರು ಯಾರ ಅಪ್ಪಣೆಯನ್ನೂ ಕೇಳದೆ ಹರಿಯುತ್ತಿದೆ.