ಸೆರ್ಫಿನ್ ಬಾಯಿ ಒಲೆ ಆರಿಸಿದ್ದು

ನನ್ನ ಅಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲ. ಅಳಿವೆಯ ಬದಿಯಲ್ಲಿ ನಮ್ಮ ಈ ಊರು, ಊರಿಗೊಂದು ಇಗರ್ಜಿ. ಇಗರ್ಜಿಯ ಅಡುಗೆಯಾಕೆ ಸೆರ್ಫಿನ್ ಬಾಯಿ. ಅವಳು ಸೌಟು ತಿರುವಿದರೆ ಒಂದು ಹಂಡೆ ಗಂಜಿ ಮೂರು ಹಂಡೆಯಾಗುತ್ತಿತ್ತಂತೆ. ನೀರು ಹೊಯ್ದರೆ ಯಾರ ಗಂಜಿಯೂ ಹಾಗಾಗುತ್ತದೆ ಅಂತ ನಮ್ಮ ಯಜಮಾನರು ಹೇಳುವುದಿತ್ತು. ಅವರ ಮಾತು ಬಿಡಿ.

ಒಂದು ವರ್ಷ ದೊಡ್ಡ ಗಾಳಿ ಬಂತಂತೆ. ದೋಣಿಗಳು ತೆಂಗಿನ ತಲೆಯ ಮೇಲೆ ಹೋಗಿ ಕೂತವಂತೆ. ಇಗರ್ಜಿಯದೊಂದು ಬಿಟ್ಟರೆ ಊರಲ್ಲಿ ಒಂದು ಮನೆಗೂ ಮಾಡು, ಸೂರು ಉಳಿಯಲಿಲ್ಲ. ಸುದ್ದಿ ಕೇಳಿ ಹತ್ತೂರಿನ ಜನ ಕೈಜೋಡಿಸಲು ಬಂದರು. ಪಾದ್ರಿಗಳು ಬೆಂಚುಗಳನ್ನು ಸರಿಸಿ ಇಗರ್ಜಿಯೊಳಗೇ ಚಾಪೆ ಹಾಸಿಕೊಟ್ಟರು. ಒಂದು ತಂಡ ಹೋದರೆ ಇನ್ನೊಂದು ತಂಡ. ಆರು ತಿಂಗಳಾದರೂ ಚಾಪೆ ಮಡಚಲಿಲ್ಲವಂತೆ. ಎಲ್ಲರಿಗೂ ಸೆರ್ಫಿನ್ ಬಾಯಿಯ ಗಂಜಿ, ಒಣಮೀನಿನ ಚಟ್ನಿ.

ಬಾವಿಯ ಕೆಸರು ತೆಗೆದಾಯಿತು, ಬಿದ್ದ ಮರ ಕಡಿದಾಯಿತು. ಇನ್ನು ಮನೆಗಳ ಕೆಲಸ. ಆದರೆ ಯಾರ ಅಂಗಳಕ್ಕೆ ಹೋದರೂ, ನಮ್ಮದು ಆಮೇಲಾಗಲಿ, ಪಕ್ಕದವರದ್ದು ಮಾಡಿ ಅನ್ನುತ್ತಿದ್ದರಂತೆ. ಪಕ್ಕದವರೂ ಅದನ್ನೇ ಅನ್ನುತ್ತಿದ್ದರಂತೆ. ಮಳೆಗೆ ಉಳಿದದ್ದು ಒಂದೇ ತಿಂಗಳು. ಮೇಲೆ ಮಾಡು ಇಲ್ಲದ ಮಣ್ಣಿನ ಗೋಡೆ ಇನ್ನೊಂದು ಮಳೆಗೆ ನಿಲ್ಲುವುದುಂಟೇ? ಬಂದವರು ಬೇಸತ್ತು ಗಂಟು ಕಟ್ಟತೊಡಗಿದರು.

ಸೆರ್ಫಿನ್ ಬಾಯಿ ಬಲೆಗಾರ ಬಸ್ತ್ಯಾಂವನ ಮನೆಗೆ ಹೋದಳಂತೆ. ಅವನ ಹೆಂಡತಿ ಹೆತ್ತು ಎಂಟು ದಿನ, ಕೂಸಿನ ಮೇಲೆ ಬರೀ ಆಕಾಶ. ಹೀಗಿದ್ದೂ ಬೇಡ ಅನ್ನುತ್ತೀಯಲ್ಲ ಮಾರಾಯ ಅಂತ ಬೈದಳು. ಅವನು ತಲೆ ತಗ್ಗಿಸಿ ಹೇಳಿದನಂತೆ: “ನಮ್ಮ ಗೋಡೆಗೆ ಮಣ್ಣು ಮೆತ್ತಿದವರು ಬರೀ ಹೊಟ್ಟೆಯಲ್ಲಿ ಹೋದದ್ದಿಲ್ಲ ಬಾಯಿ. ಇವರು ನಿಮ್ಮಲ್ಲಿ ಉಂಡೇ ಬರ್ತಾರೆ. ನಾನೇನು ಕೊಡ್ಲಿ?”

ಅವಳಿಗೆ ದಾರಿಯಿಡೀ ಅಳು ಬಂತಂತೆ. ತಪ್ಪು ತನ್ನ ಹಂಡೆಯದೇ ಅಂತ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಒಲೆಗೆ ಒಂದು ಕೊಡ ನೀರು ಸುರಿದಳು. ಅತಿಥಿಗಳನ್ನು ಉಪವಾಸ ಕೆಡವುತ್ತೀಯಾ ಅಂತ ಪಾದ್ರಿಗಳು ಸಿಟ್ಟಾದರಂತೆ. ಯಾರ ಗೋಡೆ ಮುಟ್ಟುತ್ತಾರೋ ಅವರಲ್ಲೇ ಉಣ್ಣಲಿ ಅಂದಳಂತೆ ಅವಳು.

ಹಸಿದ ಹತ್ತು ಜನ ಬಸ್ತ್ಯಾಂವನ ಅಂಗಳದಲ್ಲಿ ನಿಂತರು. ಅವನಲ್ಲಿ ಇದ್ದದ್ದು ನಾಲ್ಕು ಗೆಣಸು. ಬೇಯಿಸಿ ಕೊಟ್ಟ. ಹತ್ತು ಜನ ತಿಂದರೂ ಮುಗಿಯಲಿಲ್ಲವಂತೆ. ತಿಂದವರು ಎದ್ದು ಗೋಡೆಗೆ ಕೈ ಹಚ್ಚಿದರು, ಅವನು ಬೇಡ ಅನ್ನಲಿಲ್ಲ. ಅದನ್ನು ಕಂಡ ಪಕ್ಕದ ಮನೆಯವಳು ಮಧ್ಯಾಹ್ನಕ್ಕೆ ನಮ್ಮಲ್ಲಿಗೆ ಬನ್ನಿ ಅಂತ ಕರೆದಳಂತೆ. ಸಂಜೆಯ ಹೊತ್ತಿಗೆ ಉಣ್ಣುವವರು ಸಾಲದೆ ಮನೆಮನೆಗೆ ಜಗಳ. ಮೊದಲ ಮಳೆ ಬಿದ್ದಾಗ ಬಸ್ತ್ಯಾಂವನ ಕೂಸು ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ಆ ಕೂಸಿನ ಸಂತಾನವೇ ನಾವು.

ಈಗಲೂ ವರ್ಷಕ್ಕೊಂದು ದಿನ ಇಗರ್ಜಿಯ ಒಲೆ ಹೊತ್ತಿಸುವುದಿಲ್ಲ. ಆ ದಿನ ಪರವೂರಿನಿಂದ ಬಂದವರು ಯಾರೇ ಇರಲಿ, ಬಿಷಪರೇ ಇರಲಿ, ಯಾರದಾದರೂ ಮನೆಯಲ್ಲಿ ಉಣ್ಣಬೇಕು. ನೀವು ಬಂದು ಮಲಗಿದ ಇಗರ್ಜಿಯಲ್ಲಿ ಇವತ್ತು ಬೆಳಿಗ್ಗೆಯಿಂದ ಹೊಗೆ ಕಾಣಲಿಲ್ಲ, ಅಲ್ಲವೇ ಮಕ್ಕಳೇ? ಏಳಿ, ಕೈ ತೊಳೆಯಿರಿ. ಗೆಣಸು ಬೆಂದಿದೆ.