ಅರ್ಧ ಎದ್ದು ಅರ್ಧ ಕೂತ ಅಧ್ಯಕ್ಷ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಕೇಳಬೇಡಿ, ಹೇಳಿದರೆ ನಿಮ್ಮಲ್ಲಿ ಒಬ್ಬರಿಗಾದರೂ ಅಲ್ಲಿ ನೆಂಟರಿರ್ತಾರೆ, ಆಮೇಲೆ ನನ್ನ ಮೇಲೆ ಮುನಿಸು, ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ. ಅವನಿಗೆ ಯುದ್ಧದ ಚಿಂತೆ ಇರಲಿಲ್ಲ. ಮಳೆ ಬೆಳೆಯ ಚಿಂತೆ ಇರಲಿಲ್ಲ. ಇದ್ದದ್ದು ಒಂದೇ ಚಿಂತೆ. ಊಟದ ಎಲೆಯ ಮೂಲೆಯಲ್ಲಿ ಹಪ್ಪಳ ಇಡಬೇಕೋ, ಸಂಡಿಗೆ ಇಡಬೇಕೋ?

ಎರಡನ್ನೂ ಇಟ್ಟರಾಯಿತಲ್ಲ ಅಂತ ನೀವು ಕೇಳ್ತೀರಿ. ಆ ಮಾತು ಕೇಳಿದ ಮಂತ್ರಿಯನ್ನ ರಾಜ ಆಗಲೇ ಮನೆಗೆ ಕಳಿಸಿದ್ದ. ಅದಕ್ಕೇ ಸುಮ್ಮನೆ ಕತೆ ಕೇಳಿ.

ಅಲ್ಲಿ ಎರಡು ಪಕ್ಷ. ಹಪ್ಪಳದ ಪಕ್ಷ, ಸಂಡಿಗೆ ಪಕ್ಷ. ಮೂರು ವರ್ಷಕ್ಕೊಂದು ಚುನಾವಣೆ. ಹಪ್ಪಳ ಬೇಕು ಅನ್ನೋವರು ಮಡಕೆಗೆ ಹುರುಳಿಕಾಳು ಹಾಕಬೇಕು. ಸಂಡಿಗೆ ಬೇಕು ಅನ್ನೋವರು ಅವರೆಕಾಳು ಹಾಕಬೇಕು. ಗೆದ್ದವರಿಗೆ ಮೂರು ವರ್ಷ ರಾಜನ ಎಲೆಯ ಮೂಲೆ. ಸೋತವರಿಗೆ ಮಡಕೆ ತೊಳೆಯೋ ಕೆಲಸ.

ಹಪ್ಪಳದ ಪಕ್ಷದ ಅಧ್ಯಕ್ಷ ಪುಟ್ಟಮಾದಯ್ಯ. ಹತ್ತೊಂಬತ್ತು ವರ್ಷದಿಂದ ಅವನೇ. ಅವನು ಬಂದ ಮೇಲೆ ಆರು ಚುನಾವಣೆ ನಡೆದವು. ಆರರಲ್ಲೂ ಸೋತ. ಮೊದಲ ಸಲ ನೂರ ಎಂಬತ್ತು ಹುರುಳಿಕಾಳು ಬಿದ್ದಿತ್ತು, ಆಮೇಲೆ ನೂರು, ಆಮೇಲೆ ಎಪ್ಪತ್ತು, ಹೀಗೇ ಇಳೀತಾ ಇಳೀತಾ ಆರನೇ ಸಲ ಮಡಕೆ ಬೋರಲು ಹಾಕಿ ನೋಡಿದರೆ ಒಂಬತ್ತೇ ಕಾಳು. ಪಕ್ಷದೊಳಗೇ ಅಧ್ಯಕ್ಷನ ಜೊತೆ ಮೂವತ್ತು ಜನ ಇದ್ದರು. ಮಿಕ್ಕಿದ್ದು ನೀವೇ ಯೋಚನೆ ಮಾಡಿ, ನನ್ನ ಬಾಯಿಂದ ಬೇಡ.

ಈಗ ಆ ಊರಿನ ಒಂದು ಪದ್ಧತಿ ಹೇಳಬೇಕು. ಅದಿಲ್ಲದಿದ್ದರೆ ಕತೆ ಮುಂದಕ್ಕೆ ಹೋಗೋದಿಲ್ಲ. ಊಟಕ್ಕೆ ಕೂತಾಗ ಬಡಿಸೋಕೆ ಬಂದರೆ ನೀವೇನು ಮಾಡ್ತೀರಿ? ಎಲೆಗೆ ಕೈ ಅಡ್ಡ ಇಟ್ಟು ಬೇಡ ಬೇಡ ಅಂತೀರಿ. ಅವರು ಒತ್ತಾಯ ಮಾಡ್ತಾರೆ. ನೀವು ಕೈ ತೆಗೀತೀರಿ. ಎಲ್ಲ ಊರಿನಲ್ಲೂ ಹಾಗೇ. ಆದರೆ ಆ ಊರಿನಲ್ಲಿ ಅದಕ್ಕೆ ಲೆಕ್ಕ ಇತ್ತು. ಮೂರು ಒತ್ತಾಯ. ಒಂದನೇ ಒತ್ತಾಯಕ್ಕೆ ಕೈ ಅಲ್ಲಾಡಬಾರದು. ಎರಡನೇ ಒತ್ತಾಯಕ್ಕೆ ಕೈ ಅರ್ಧ ಎತ್ತಬೇಕು. ಮೂರನೇದಕ್ಕೆ ಪೂರ್ತಿ. ಎರಡಕ್ಕೇ ಒಪ್ಪಿಕೊಂಡವನು ಹೊಟ್ಟೆಬಾಕ. ಎರಡಕ್ಕೇ ನಿಲ್ಲಿಸಿದವನು ಜಿಪುಣ.

ಊಟಕ್ಕೆ ಮಾತ್ರ ಅಲ್ಲ, ಎಲ್ಲಕ್ಕೂ ಹಾಗೇ. ಒಂದು ಸಲ ಒಬ್ಬ ಬಾವಿಗೆ ಬಿದ್ದ. ಹಗ್ಗ ಬಿಟ್ಟರು. ಬೇಡ, ನಿಮಗ್ಯಾಕೆ ತೊಂದರೆ ಅಂದ. ಒಂದು ಗುಟುಕು ನೀರು ಕುಡಿದ. ಮತ್ತೆ ಹಿಡ್ಕೊಳ್ಳಿ ಅಂದರು. ಪರವಾಗಿಲ್ಲ, ಬಿಡಿ ಅಂದ. ಇನ್ನೊಂದು ಗುಟುಕು ಕುಡಿದ. ಮೂರನೇ ಸಲಕ್ಕೆ ಹಿಡ್ಕೊಂಡ. ಪ್ರಾಣವೂ ಉಳೀತು, ಮರ್ಯಾದೆಯೂ ಉಳೀತು.

ಸೋತ ಮಾರನೇ ಬೆಳಿಗ್ಗೆ ಹಪ್ಪಳದ ಪಕ್ಷದ ಸಭೆ ಸೇರಿತು. ಪುಟ್ಟಮಾದಯ್ಯ ಕುರ್ಚಿಯಿಂದ ಎದ್ದು ನಿಂತ. ಸೋಲಿನ ಹೊಣೆ ನನ್ನದು, ರಾಜೀನಾಮೆ ಕೊಡ್ತೀನಿ, ಈ ಕುರ್ಚಿ ನನಗೆ ಬೇಡ ಅಂದ. ಹಿಂದೆ ಐದು ಸಲ ಸೋತಾಗಲೂ ಹೀಗೇ ಅಂದಿದ್ದ. ಐದು ಸಲವೂ ಮೂರು ಒತ್ತಾಯ ಆಗಿತ್ತು, ಐದು ಸಲವೂ ಕೂತಿದ್ದ. ಪಾಪ, ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಬೇಡ ಅನ್ನೋದು ಮರ್ಯಾದೆ, ಅದಕ್ಕೇ ಅಂದ.

ಕಾರ್ಯದರ್ಶಿ ಚಿಕ್ಕೀರಯ್ಯ ಎದ್ದು, ಎಲ್ಲಾದರೂ ಉಂಟೇ, ಕೂತ್ಕೊಳ್ಳಿ ಅಂದ. ಒಂದಾಯಿತು. ಪುಟ್ಟಮಾದಯ್ಯ ಅಲ್ಲಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ, ನೀವಲ್ಲದೆ ಇನ್ಯಾರು ಅಂದರು. ಎರಡಾಯಿತು. ಪದ್ಧತಿ ಪ್ರಕಾರ ಪುಟ್ಟಮಾದಯ್ಯ ಮಂಡಿ ಅರ್ಧ ಬಗ್ಗಿಸಿದ. ಅವನಿಗೂ ಕುರ್ಚಿಗೂ ನಡುವೆ ಒಂದು ಗೇಣು ಉಳೀತು. ಹಾಗೇ ಬಗ್ಗಿಕೊಂಡು ಮೂರನೇ ಒತ್ತಾಯಕ್ಕೆ ಕಾದ.

ಕಾದ. ಕಾದ. ಮೂರನೇದು ಬರಲಿಲ್ಲ.

ಯಾರೂ ಬೇಕು ಅಂತ ಮಾಡಿದ್ದಲ್ಲ. ಇವರು ಹೇಳ್ತಾರೆ ಅಂತ ಅವರು, ಅವರು ಹೇಳ್ತಾರೆ ಅಂತ ಇವರು. ಒಬ್ಬ ಕೆಮ್ಮಿದ. ಇನ್ನೊಬ್ಬ ಮಾಳಿಗೆ ಮೇಲೆ ಒಣಗೋಕೆ ಹಾಕಿದ ಹಪ್ಪಳಕ್ಕೆ ಕಾಗೆ ಬಂತೇನೋ ಅಂತ ಕಿಟಕಿಯಿಂದ ನೋಡಿದ. ಚಿಕ್ಕೀರಯ್ಯ ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು, ಮಡಚಿ, ಮತ್ತೆ ಹೆಗಲ ಮೇಲೆ ಹಾಕಿಕೊಂಡ. ಸಭೆ ಮುಗೀತು ಅಂತ ಯಾರೂ ಹೇಳಲಿಲ್ಲ. ಆದರೂ ಮುಗೀತು.

ಈಗ ನೋಡಿ ಫಜೀತಿ. ಮೂರನೇ ಒತ್ತಾಯ ಆಗದೆ ಪುಟ್ಟಮಾದಯ್ಯ ಕೂರೋ ಹಾಗಿಲ್ಲ, ಕೂತರೆ ಹೊಟ್ಟೆಬಾಕ. ಎರಡು ಒತ್ತಾಯ ಆದಮೇಲೆ ಏಳೋ ಹಾಗೂ ಇಲ್ಲ, ಎದ್ದರೆ ಒರಟ. ಅವನು ಕುರ್ಚಿಯ ಕಡೆ ತಿರುಗಿ, ನೀನಾದರೂ ಒಂದು ಮಾತು ಹೇಳು ಅಂತ ಕೇಳಿದ.

ಕುರ್ಚಿ ಒಳ್ಳೆ ಸ್ವಭಾವದ್ದು. ನಿಧಾನವಾಗಿ ಹೇಳಿತು. "ನನ್ನ ಕೆಲಸ ಹೊರೋದು, ಕರೆಯೋದಲ್ಲ. ಇಷ್ಟು ವರ್ಷದಲ್ಲಿ ನಾನು ನಿನ್ನನ್ನ ಬಾ ಅಂತ ಒಂದು ಸಲವೂ ಕರೆದಿಲ್ಲ, ಜ್ಞಾಪಕ ಮಾಡ್ಕೋ."

ಪುಟ್ಟಮಾದಯ್ಯ ಜ್ಞಾಪಕ ಮಾಡಿಕೊಂಡ. ನಿಜ. ಕರೆದಿರಲಿಲ್ಲ.

ಕುರ್ಚಿ ಬಿಟ್ಟು ದೂರ ಹೋಗೋ ಹಾಗಿಲ್ಲವಲ್ಲ, ಅದನ್ನ ಸೊಂಟಕ್ಕೆ ಕಟ್ಟಿಕೊಂಡು ಬಗ್ಗಿಕೊಂಡೇ ಮನೆಗೆ ಹೋದ. ಅಧ್ಯಕ್ಷ ಕೂರದೆ ಪಕ್ಷದವರು ಕೂರಬಾರದು. ಅಧ್ಯಕ್ಷನಿಗಿಂತ ನೆಟ್ಟಗೆ ನಿಲ್ಲಲೂಬಾರದು. ಹಾಗಾಗಿ ಅವರೂ ಮಂಡಿ ಬಗ್ಗಿಸಿದರು. ಬೀದಿಯಲ್ಲಿ ಮೂವತ್ತು ಜನ ಬಗ್ಗಿಕೊಂಡು ಹೋಗ್ತಿದ್ದರೆ ಎದುರಿಗೆ ಬಂದವರು, ಏನು ಕಳ್ಕೊಂಡ್ರಿ ಅಂತ ಕೇಳೋರು. ಇವರು, ಚುನಾವಣೆ ಅನ್ನೋರು. ಅಯ್ಯೋ ಪಾಪ ಅಂತ ಅವರೂ ಬಗ್ಗಿ ಹುಡುಕೋಕೆ ಶುರು ಮಾಡೋರು. ಒಬ್ಬಾಕೆ ಸಂತೆಗೆ ಹೋಗೋದು ಬಿಟ್ಟು ಎರಡು ದಿನ ಚರಂಡಿ ಪಕ್ಕ ಹುಡುಕಿದಳು. ಅವಳಿಗೆ ಒಂದು ಸೌಟು ಸಿಕ್ಕಿತು. ಚುನಾವಣೆ ಸಿಗಲಿಲ್ಲ.

ಅರಮನೆಯಲ್ಲಿ ಇನ್ನೊಂದು ಕಷ್ಟ. ಅಲ್ಲಿನ ಕಾನೂನು ಏನು? ಸೋತ ಅಧ್ಯಕ್ಷ ಕೂತರೆ, ಸೋತು ಇದ್ದಾನೆ ಅಂತ ಲೆಕ್ಕ. ಎದ್ದು ಹೋದರೆ, ಸೋತು ಹೋದ ಅಂತ ಲೆಕ್ಕ. ಎರಡೂ ಅಲ್ಲದಿದ್ದರೆ ಇನ್ನೂ ಸೋತೇ ಇಲ್ಲ. ಅವನು ಸೋಲದೆ ಸಂಡಿಗೆ ಪಕ್ಷ ಗೆಲ್ಲೋದು ಹೇಗೆ? ಅವರು ಗೆಲ್ಲದೆ ಎಲೆಯ ಮೂಲೆಗೆ ಸಂಡಿಗೆ ಬರೋದು ಹೇಗೆ? ಮೂಲೆ ಖಾಲಿ ಇರೋ ಎಲೆಗೆ ಅನ್ನ ಬಡಿಸೋದು ಹೇಗೆ? ರಾಜ ಬಾಳೆಹಣ್ಣು ತಿಂದು ದಿನ ತಳ್ಳಿದ. ಐದು ತಿಂಗಳು.

ರಾಜ ಹೇಳಿ ಕಳಿಸಿದ, ಯಾರಾದರೂ ಹೋಗಿ ಆ ಮೂರನೇ ಒತ್ತಾಯ ಮಾಡಿ ಮುಗಿಸಿ ಅಂತ. ಪಕ್ಷದವರು ಚಿಕ್ಕೀರಯ್ಯನಿಗೆ, ನೀವೇ ಮಾಡಿ ಅಂದರು. ಬೇಡ ಅಂದ. ಅವನನ್ನ ಒಪ್ಪಿಸೋಕೂ ಮೂರು ಒತ್ತಾಯ ಬೇಕು. ಅದರಲ್ಲೂ ಎರಡಾಯಿತು, ಮೂರನೇದು ಮಾಡೋವರು ಯಾರು? ಅವರನ್ನ ಒಪ್ಪಿಸಬೇಕು. ಹೀಗೆ ಒಬ್ಬರ ಹಿಂದೆ ಒಬ್ಬರು ಎರಡೆರಡು ಒತ್ತಾಯಕ್ಕೆ ನಿಂತುಬಿಟ್ಟರು.

ಇತ್ತ ಪುಟ್ಟಮಾದಯ್ಯನ ಮಂಡಿ ಊದಿಕೊಂಡವು. ಹೆಂಡತಿ ನಿಂಗಾಜಮ್ಮ ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕೋಳು. ಒಂದು ಸಂಜೆ ಅವನು, ನೀನೇ ಆ ಮೂರನೇ ಮಾತು ಹೇಳಿಬಿಡೆ, ಕೂತುಬಿಡ್ತೀನಿ ಅಂತ ಕೇಳಿಕೊಂಡ. ಮನೆಯವಳ ಒತ್ತಾಯ ಲೆಕ್ಕಕ್ಕಿಲ್ಲ ಅಂದಳು ಅವಳು. ಆಮೇಲೆ ತಿಕ್ಕೋದು ನಿಲ್ಲಿಸಿ ಕೇಳಿದಳು.

"ಅದಿರಲಿ. ನಿಜ ಹೇಳಿ. ನಿಮಗೆ ಆ ಕುರ್ಚಿ ಬೇಕಾ, ಬೇಡವಾ?"

ಆ ಊರಿನಲ್ಲಿ ಯಾರೂ ಯಾರನ್ನೂ ಹೀಗೆ ಕೇಳಿದ್ದೇ ಇಲ್ಲ. ಪುಟ್ಟಮಾದಯ್ಯನ ಕಣ್ಣಲ್ಲಿ ನೀರು ಬಂತು.

"ಬೇಕು ಕಣೆ," ಅಂದ. "ಅಲ್ಲಿಂದ ಎದ್ದರೆ ನಾನು ಯಾರು ಅಂತಲೇ ನನಗೆ ಗೊತ್ತಿಲ್ಲ. ಭಯ ಆಗುತ್ತೆ."

ನಿಂಗಾಜಮ್ಮ ಇನ್ನಷ್ಟು ಎಣ್ಣೆ ಹಾಕಿ ತಿಕ್ಕಿದಳು.

ಮಾರನೇ ದಿನ ಬೆಳಿಗ್ಗೆ ಪಕ್ಷದ ಕಚೇರಿಗೆ ಒಬ್ಬಳು ನೆಟ್ಟಗೆ ನಡ್ಕೊಂಡು ಬಂದಳು. ಸಂಡಿಗೆ ಪಕ್ಷದ ಅಧ್ಯಕ್ಷೆ ಜವರಮ್ಮ. ಎಲ್ಲರೂ ಬಗ್ಗಿಕೊಂಡೇ ದಾರಿ ಬಿಟ್ಟರು. ಅವಳು ಸೀದಾ ಪುಟ್ಟಮಾದಯ್ಯನ ಮುಂದೆ ಹೋಗಿ ಕೈ ಮುಗಿದಳು.

"ಕೂತ್ಕೊಳ್ಳಿ ಪುಟ್ಟಮಾದಯ್ಯನವರೇ. ಕಾಲು ಹಿಡ್ಕೊಂಡು ಕೇಳ್ತೀನಿ, ಆ ಕುರ್ಚಿ ಮಾತ್ರ ಬಿಡಬೇಡಿ."

ಮೂರನೇ ಒತ್ತಾಯ ಆಗಿಹೋಗಿತ್ತು. ಮಾಡಿದವರು ಎದುರು ಪಕ್ಷದವರಾದರೇನು, ಒತ್ತಾಯ ಒತ್ತಾಯವೇ. ಪುಟ್ಟಮಾದಯ್ಯನ ಮುಖ ಅರಳಿತು. ಮಂಡಿ ತಾವಾಗಿಯೇ ಇಳಿದವು. ಗೇಣು ಇದ್ದದ್ದು ನಾಲ್ಕು ಬೆರಳಾಯಿತು, ನಾಲ್ಕು ಬೆರಳಿದ್ದದ್ದು ಎರಡಾಯಿತು. ಆದರೆ ಜವರಮ್ಮ ನಿಜವಾಗಿಯೂ ಅಳ್ತಿದ್ದಳು. ಅದನ್ನ ನೋಡಿ ಅವನಿಗೆ ಏನೋ ಅನ್ನಿಸಿ, ಅಲ್ಲಮ್ಮ, ನೀವ್ಯಾಕೆ ಅಳ್ತೀರಿ ಅಂತ ಕೇಳಿದ.

ಜವರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸುಳ್ಳು ಹೇಳೋ ಹೆಂಗಸಲ್ಲ.

"ನೀವು ಬರೋಕೆ ಮುಂಚೆ ನಾವು ಒಂದು ಸಲವೂ ಗೆದ್ದಿರಲಿಲ್ಲ. ನಮ್ಮ ಸಂಡಿಗೆ ಚೆನ್ನಾಗಿಲ್ಲ ಅಂತ ನಮಗೂ ಗೊತ್ತು. ನೀವು ಎದ್ದು ಹೋದರೆ ನಮ್ಮ ಗತಿ ಏನು?"

ಪುಟ್ಟಮಾದಯ್ಯ ಕುರ್ಚಿಗೆ ಎರಡು ಬೆರಳು ಇರುವಾಗಲೇ ನಿಂತುಬಿಟ್ಟ. ಪಕ್ಷದವರನ್ನ ಒಂದು ಸಲ ಸುತ್ತ ನೋಡಿದ. ಬಗ್ಗಿದ ಅಷ್ಟೂ ಜನರಲ್ಲಿ ಒಬ್ಬನೂ ಜವರಮ್ಮನ ಮಾತನ್ನ ಸುಳ್ಳು ಅನ್ನಲಿಲ್ಲ. ಎಲ್ಲರೂ ನೆಲ ನೋಡ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನಾಚಿಕೆ ಬಂತು, ಅದೂ ತನ್ನ ಮೇಲೆ.

ಮೂರನೇ ಒತ್ತಾಯವನ್ನ ಆ ಊರಿನಲ್ಲಿ ಅದುವರೆಗೆ ಯಾರೂ ತಳ್ಳಿಹಾಕಿರಲಿಲ್ಲ. ಹಾಗೆ ಮಾಡೋಕೆ ಒಂದು ಮಾತೂ ಇರಲಿಲ್ಲ. ಪುಟ್ಟಮಾದಯ್ಯ ಎಲೆ ಮೇಲೆ ಕೈ ಅಡ್ಡ ಇಡೋ ಹಾಗೆ ಕುರ್ಚಿಯ ಮೇಲೆ ಕೈ ಇಟ್ಟ.

"ಸಾಕು ತಾಯಿ," ಅಂದ. "ಹೊಟ್ಟೆ ತುಂಬಿತು."

ಎದ್ದ. ಮಂಡಿ ಲಟಲಟ ಅಂದವು. ಸೊಂಟದ ಹಗ್ಗ ಬಿಚ್ಚಿ ಕುರ್ಚಿಯನ್ನ ಕೆಳಗಿಟ್ಟ. ಕುರ್ಚಿ, ಹುಷಾರಾಗಿ ಹೋಗು ಅಂತು. ಅಧ್ಯಕ್ಷ ನೆಟ್ಟಗಾದದ್ದು ನೋಡಿ ಪಕ್ಷದವರೂ ಒಬ್ಬೊಬ್ಬರಾಗಿ ಸೊಂಟ ಹಿಡ್ಕೊಂಡು ನೆಟ್ಟಗಾದರು. ಅವನು ಬಾಗಿಲು ದಾಟಿದ ಗಳಿಗೆಗೆ ಸರಿಯಾಗಿ ಅರಮನೆಯಲ್ಲಿ ರಾಜನ ಎಲೆಗೆ ಸಂಡಿಗೆ ಬಿತ್ತು. ರಾಜ ತಿಂದು, ಉಪ್ಪು ಜಾಸ್ತಿ ಅಂದನಂತೆ. ಹಸಿವಿಗೆ ಎಲ್ಲಾ ತಿಂದನಂತೆ.

ಕುರ್ಚಿ ಖಾಲಿ ಇರಬಾರದಲ್ಲ. ಯಾರೋ ಚಿಕ್ಕೀರಯ್ಯನಿಗೆ, ನೀವಾದರೂ ಕೂತ್ಕೊಳ್ಳಿ ಅಂದರು. ಒಂದೇ ಒತ್ತಾಯ. ಬೇಡ ಅನ್ನೋ ಮಾತು ಅವನ ಬಾಯಿಂದ ಪೂರ್ತಿ ಆಚೆ ಬರೋ ಮುಂಚೆ ಮನುಷ್ಯ ಕೂತಿದ್ದ. ಅದನ್ನ ಕಂಡು ಊರು ಇವತ್ತಿಗೂ ಬಾಯಿ ಮೇಲೆ ಕೈ ಇಟ್ಟುಕೊಂಡಿದೆ.

ಪುಟ್ಟಮಾದಯ್ಯ ಮನೆಗೆ ನಡ್ಕೊಂಡು ಹೋದ. ದಾರಿಯಲ್ಲಿ ಯಾರೂ ಏನು ಕಳ್ಕೊಂಡ್ರಿ ಅಂತ ಕೇಳಲಿಲ್ಲ. ಮನೆ ಮುಂದೆ ಜಗಲಿ ಇತ್ತು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಅವನೇ ಕೂತ. ಕಲ್ಲು ಬೆಚ್ಚಗಿತ್ತು. ಕಾಲು ಚಾಚಿದ.

ಬಳೆ ಮಾರೋಳು ಒಬ್ಬಳು ಆ ದಾರಿಯಲ್ಲಿ ಬಂದಳು. ಅವಳು ಆ ಊರಿಗೆ ಹೊಸಬಳು. ಬಾಗಿಲಲ್ಲಿ ನಿಂತಿದ್ದ ನಿಂಗಾಜಮ್ಮನನ್ನ, ಜಗಲಿ ಮೇಲೆ ಕೂತಿದಾರಲ್ಲ, ಅವರು ಯಾರಮ್ಮ ಅಂತ ಕೇಳಿದಳು. ಪುಟ್ಟಮಾದಯ್ಯ ಕಿವಿಗೊಟ್ಟ. ಅವನಿಗೂ ಅದೇ ತಿಳೀಬೇಕಾಗಿತ್ತು.

"ಅವರಾ? ನಮ್ಮ ಮನೆಯವರು," ಅಂದಳು ನಿಂಗಾಜಮ್ಮ.

ಅವನು ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟ.

ನೀತಿ ಕೇಳದೆ ನೀವು ಏಳೋರಲ್ಲ, ನನಗೆ ಗೊತ್ತು. ಹೇಳ್ತೀನಿ. ಆ ಕುರ್ಚಿ ಮಾಡಿದ ಬಡಗಿ ಅದನ್ನ ಒಂದು ಗೇಣು ಎತ್ತರ ಮಾಡಿದ್ದಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ಆದ್ದರಿಂದ ಬಡಗಿಗಳು ಅಳತೆ ನೋಡಿ ಕೆಲಸ ಮಾಡಬೇಕು. ಅವರೆಲ್ಲ ಅಲ್ಲಿ ಉಂಡು ಎದ್ದರು, ನಾವು ಇಲ್ಲಿ ಮಾತಾಡಿ ಹಸಿದೆವು. ನಡೀರಿ ಒಳಗೆ.